ತಾಮ್ರದ ನಾಲ್ಕು ಡಬ್ಬಿ

ಮೇ 5, ಸೋಮವಾರ
ಅಣೆಕಟ್ಟಿನ ವರ್ಕ್‌ಶಾಪ್

ಗಡಿಯಾರ,

ರಜೆ ಮುಗಿಸಿ ಇಲ್ಲಿಗೆ ವಾಪಸು ಬಂದು ಎರಡು ವಾರವಾಯಿತು. ಕೈಕಾಲು ಎಲ್ಲ ಇದ್ದ ಜಾಗದಲ್ಲೇ ಇವೆ. ನಾಲಿಗೆಯೊಂದನ್ನು ಮಾತ್ರ ದಾರಿಯಲ್ಲಿ ಎಲ್ಲಾದರೂ ಬೀಳಿಸಿಕೊಂಡು ಬಂದಿದ್ದರೆ ಚೆನ್ನಾಗಿತ್ತು ಎನಿಸುತ್ತದೆ.

ನಡೆದದ್ದಕ್ಕೆ ನೀನೇ ಸಾಕ್ಷಿ. ಆದರೂ ಬರೆಯುತ್ತೇನೆ, ಬರೆದರಾದರೂ ನನಗೆ ಸರಿಯಾಗಿ ನಾಚಿಕೆಯಾಗಲಿ. ರಜೆಗೆ ಬಂದ ನಾನು ರಿಪೀಟರಿನ ವರ್ಷದ ಟ್ಯೂನಿಂಗನ್ನು ಮಗಳ ಕೈಗೆ ಕೊಟ್ಟೆ. ಶನಿವಾರ ಅವಳು ಒಬ್ಬಳೇ ಅದಿರುವ ಕಟ್ಟಡದ ತಾರಸಿ ಹತ್ತಿ ಮಾಡಿ ಮುಗಿಸಿದಳು. ಒಂದು ವಾರ ಕಳೆದು ಭಾನುವಾರ ಬೆಳಿಗ್ಗೆ ನಾನು ರೇಡಿಯೋ ಕೈಸೆಟ್ಟು ಹಿಡಿದು ಊರ ಹೊರಗಿನ ಸೇತುವೆಗೆ ಹೋಗಿ ಕರೆದರೆ ರಿಪೀಟರ್ ನನ್ನನ್ನು ಕೇಳಿಸಿಕೊಳ್ಳಲೇ ಇಲ್ಲ. ಮನೆಗೆ ಬಂದು ದೊಡ್ಡ ಸೆಟ್ಟಿನ ಮುಂದೆ ಕೂತೆ. ನಮ್ಮ ಕ್ಲಬ್ಬಿನವರೆಲ್ಲ ಭಾನುವಾರ ರೇಡಿಯೋದಲ್ಲಿ ಸೇರುವ ಎಂಟು ಗಂಟೆಯ ನೆಟ್ಟನ್ನು ಅವಳೇ ನಡೆಸುತ್ತಿದ್ದಳು, ಆಸ್ಪತ್ರೆ ಪಕ್ಕದಲ್ಲಿ ಗೆಳತಿಯ ಜೊತೆ ಇರುವ ಮನೆಯಿಂದ. ಮೂವತ್ತು ಜನ ಕೇಳುತ್ತಿದ್ದರು. "ಹದಿನೈದು ವರ್ಷ ಕೇಳಿಸ್ಕೊಂಡಿದ್ದ ರಿಪೀಟರ್ ಒಂದೇ ವಾರಕ್ಕೆ ಕಿವುಡಾಯ್ತು. ನನ್ನ ಮಗಳು ಅದರ ಕಿವೀಗೆ ಕೈ ಹಾಕಿದ್ಲು. ಅವಳಿಗೆ ಕಲಿಸಿದ್ದೇ ನನ್ನ ತಪ್ಪು" ಎಂದುಬಿಟ್ಟೆ. ಅವಳು "ಸರಿ" ಎಂದಳು. ಅಷ್ಟೇ. ನೆಟ್ ಅಲ್ಲಿಗೇ ನಿಂತಿತು.

ಮರುದಿನ ಬಸ್ಸು ಹತ್ತಿಸಲು ಬಂದ ನೀನು, "ನೀನು ಹೊರಡು ಮಾರಾಯ, ರಿಪೀಟರ್ ನಾನು ನೋಡ್ಕೋತೀನಿ" ಎಂದೆ. ನೀನಿಲ್ಲದಿದ್ದರೆ ನಾನೇನು ಮಾಡುತ್ತಿದ್ದೆನೋ.

ಇಲ್ಲಿನ ಸ್ಟೋರ್‌ಕೀಪರ್ ಒಬ್ಬ ನನಗೆ ಗಂಟುಬಿದ್ದಿದ್ದಾನೆ. ರಿಪೀಟರ್ ಎಂದರೇನು ಸಾರ್ ಎಂದು ದಿನಾ ಕೇಳುತ್ತಾನೆ. ಎತ್ತರದಲ್ಲಿ ಇಟ್ಟ ಒಂದು ಪೆಟ್ಟಿಗೆ, ಅದಕ್ಕೊಂದು ಕಿವಿ, ಒಂದು ಬಾಯಿ. ದೂರದ ಸಣ್ಣ ಸೆಟ್ಟಿನ ಪಿಸುಮಾತನ್ನು ಕಿವಿಯಲ್ಲಿ ಹಿಡಿದು ಅದೇ ಕ್ಷಣಕ್ಕೆ ಬಾಯಲ್ಲಿ ಊರಿಗೆಲ್ಲ ಕೂಗಿ ಹೇಳುತ್ತದೆ ಎಂದೆ. "ಕೂಗ್ತಾ ಇರೋವಾಗ ಕೇಳ್ಸೋದು ಹೇಗೆ ಸಾರ್? ನಮ್ಮ ಮನೇಲಿ ಯಾರಿಗೂ ಆಗಲ್ಲ" ಎಂದ. ಅದಕ್ಕೇ ಕಣಪ್ಪ ನಡುವೆ ನಾಲ್ಕು ತಾಮ್ರದ ಡಬ್ಬಿ, ಬಾಯಿಯ ಗದ್ದಲ ಕಿವಿಗೆ ಬೀಳದ ಹಾಗೆ ತಡೆಯುವುದು ಅವೇ ಎಂದೆ. ಆ ಡಬ್ಬಿಗಳನ್ನು ನಾನೇ ಲೇತಿನಲ್ಲಿ ಕಡೆದದ್ದು ಎಂದು ಹೇಳಿಕೊಳ್ಳುವಾಗ ಎದೆ ಉಬ್ಬಿತು, ಮಗಳ ನೆನಪಾಗಿ ಮತ್ತೆ ಕುಸಿಯಿತು.

ಅವಳಿಗೆ ಬರೆದ ಕಾಗದ ಒಡೆಯದೆ ವಾಪಸು ಬಂದಿದೆ. ಅವಳಮ್ಮ ಹೋದ ಮೇಲೆ ನಮ್ಮಿಬ್ಬರ ಮಧ್ಯೆ ಮಾತು ಕೂಡಿಸಿದವನು ನೀನೇ ಅಲ್ಲವೇ? ಹೋಗಿ ಮಾತಾಡಿಸಿ ಬಾ. ನಿನ್ನ ಮಾತನ್ನು ಅವಳು ತೆಗೆದುಹಾಕುವುದಿಲ್ಲ.

ನಿನ್ನ
ಲೇತು


ಮೇ 14
ಅಂಗಡಿ

ಲೇತಪ್ಪನವರಿಗೆ,

ಕಾಗದ ಬಂತು. ಕೈಯಲ್ಲಿದ್ದ ಗೋಡೆ ಗಡಿಯಾರ ಬಿಟ್ಟು ಅದನ್ನೇ ಮೊದಲು ಬಿಚ್ಚಿದೆ. ಗಿರಾಕಿ ಎದುರಿಗೇ ನಿಂತು ಹಲ್ಲು ಕಡಿಯುತ್ತಿದ್ದ.

ಮೊದಲು ರಿಪೀಟರ್ ವಿಷಯ. ನೀನು ಹೋದ ವಾರವೇ ತಾರಸಿ ಹತ್ತಿದ್ದೆ. ಹುಡುಗಿ ಡಬ್ಬಿಗಳ ಟ್ಯೂನಿಂಗ್ ಕಡ್ಡಿಗಳನ್ನು ಸ್ವಲ್ಪ ಆಚೀಚೆ ಮಾಡಿಬಿಟ್ಟಿದ್ದಳು. ನಾನು ಸರಿಮಾಡಿದ್ದೇನೆ, ಈಗ ಚಿಂತೆಯಿಲ್ಲ. ಇದನ್ನು ಅವಳ ಹತ್ತಿರ ಎತ್ತಬೇಡ, ಪಾಪ, ಎಳೆ ಕೈ.

ಅವಳ ಮನೆಗೆ ಹೋಗಿದ್ದೆ. ನನಗೆ ಟೀ ಕೊಟ್ಟಳು, ನಿನ್ನ ಹೆಸರಿಗೆ ಮುಖ ತಿರುಗಿಸಿದಳು. ಕಾಗದ ಯಾಕಮ್ಮ ವಾಪಸ್ ಕಳಿಸಿದೆ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಗಡಿಯಾರ ಮಾಮ, ಅಪ್ಪ ನನ್ನ ಬೈದಿದ್ದು ಕಾಗದದಲ್ಲಲ್ಲ. ಮೂವತ್ತು ಜನ ಕೇಳ್ತಾ ಇದ್ರು. ಅದೇ ನೆಟ್ಟಲ್ಲಿ, ಅದೇ ಮೂವತ್ತು ಜನರ ಮುಂದೆ, ತಪ್ಪು ನಂದು ಅಂತ ಒಂದು ಮಾತು ಹೇಳ್ಲಿ. ಪ್ರತಿ ಭಾನುವಾರ ಸೆಟ್ಟಿನ ಮುಂದೆ ಕೂತಿರ್ತೀನಿ."

ಇನ್ನೊಂದು ಸಮಾಚಾರ. ಹವಾಮಾನ ಇಲಾಖೆಯಲ್ಲಿ ಅವಳಿಗೆ ದ್ವೀಪದ ಕೇಂದ್ರಕ್ಕೆ ವರ್ಗವಾಗಿದೆ. ಆಗಸ್ಟ್ 28ಕ್ಕೆ ಹಡಗು. ಎರಡು ವರ್ಷ ವಾಪಸು ಬರುವ ಹಾಗಿಲ್ಲವಂತೆ. ಅಂದರೆ ಆಗಸ್ಟ್ 24ರ ನೆಟ್ಟೇ ಕೊನೆಯದು. ಅಷ್ಟರೊಳಗೆ ನೀನು ಹೇಳಿಬಿಟ್ಟರೆ ಬಂದರಿಗೆ ನೀನೇ ಕಳಿಸಲು ಹೋಗಬಹುದು. ಇಲ್ಲದಿದ್ದರೆ ಈ ಮುನಿಸನ್ನು ಹೊತ್ತುಕೊಂಡೇ ಹೋಗುತ್ತಾಳೆ.

ಆದರೆ ಈಗಲೇ ಓಡಿಬರಬೇಡ. ಬಾಗಿಲಲ್ಲಿ ಇನ್ನೊಂದು ರಂಪ ಆಗುವುದು ಬೇಡ. ರೇಡಿಯೋದಲ್ಲೇ ಹೇಳು, ಅವಳು ಕೇಳಿದ್ದೂ ಅದನ್ನೇ ತಾನೇ.

ನಿನ್ನ
ಗಡಿಯಾರ


ಜೂನ್ 10, ಮಂಗಳವಾರ
ವರ್ಕ್‌ಶಾಪ್

ಗಡಿಯಾರ,

ಮೂರು ಭಾನುವಾರ ಕರೆದೆ. ಮೂರು ಭಾನುವಾರವೂ ಯಾರೂ ಓಗೊಡಲಿಲ್ಲ.

ಮೊದಲ ಸಲ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದೆ. ರೇಡಿಯೋದಲ್ಲಿ ಅಂಗಿ ಯಾರಿಗೆ ಕಾಣುತ್ತದೆ ಎಂದು ಸ್ಟೋರ್‌ಕೀಪರ್ ನಕ್ಕ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. "ತಪ್ಪು ನನ್ನದು ಮಗಳೇ. ನಿನ್ನ ಕೈಯನ್ನು ಅಂದದ್ದು ತಪ್ಪು." ಇಷ್ಟೇ. ಇಷ್ಟನ್ನು ಬರೆಯಲು ಮೂರು ಚೀಟಿ ಹರಿದೆ.

ನಿಮ್ಮೆಲ್ಲರ ದನಿ ನನಗೆ ಪಕ್ಕದ ಕೋಣೆಯಲ್ಲಿ ಮಾತಾಡಿದಷ್ಟು ಚೆನ್ನಾಗಿ ಕೇಳುತ್ತದೆ. ಈಗ ನೆಟ್ ನಡೆಸುವ ಡ್ರಾಯಿಂಗ್ ಮೇಷ್ಟ್ರು ಕೊನೆಗೆ "ಇನ್ಯಾರಾದ್ರೂ ಇದೀರಾ?" ಎಂದು ಕೇಳುತ್ತಾರೆ. ನಾನು ಗುಂಡಿ ಒತ್ತಿ ಹೇಳುತ್ತೇನೆ. ಗುಂಡಿ ಬಿಟ್ಟ ಮೇಲೆ ಮೇಷ್ಟ್ರು, "ಯಾರೂ ಇಲ್ಲ ಅಂತ ಕಾಣತ್ತೆ, ಮುಗಿಸೋಣ" ಎನ್ನುತ್ತಾರೆ. ಕಳೆದ ಎರಡು ವರ್ಷ ಇದೇ ಸೆಟ್ಟು, ಇದೇ ಆಂಟೆನಾದಿಂದ ನಾನು ನಿಮ್ಮ ಜೊತೆ ಹರಟಲಿಲ್ಲವೇ?

ನಿಜ ಹೇಳು. ಅವಳು ಬೇಕೆಂದೇ ಸುಮ್ಮನಿದ್ದಾಳೆಯೇ? ಅಥವಾ ಅವಳ ಪರವಾಗಿ ಮೂವತ್ತು ಜನವೂ ಸೇರಿ ನನ್ನನ್ನು ಬಹಿಷ್ಕರಿಸಿದ್ದೀರೋ? ಹಾಗಿದ್ದರೂ ಬೇಜಾರಿಲ್ಲ, ನಾನು ಅದಕ್ಕೆ ತಕ್ಕವನೇ. ಆದರೆ ಗೊತ್ತಾಗಬೇಕು. ಗೊತ್ತಾಗದೆ ಕೂಗುತ್ತಾ ಕೂರುವುದು ಬಹಳ ಕಷ್ಟ.

ಲೇತು


ಜೂನ್ 20
ಅಂಗಡಿ

ಪ್ರಿಯ ಲೇತು,

ಬಹಿಷ್ಕಾರವೂ ಇಲ್ಲ, ಮಣ್ಣೂ ಇಲ್ಲ. ನೀನು ಮುದುಕನಾಗುತ್ತಾ ಬಂದ ಹಾಗೆ ಅನುಮಾನದ ಪಿಶಾಚಿ ಹಿಡಿದಿದೆ. ನಿನ್ನ ದನಿ ಇಲ್ಲಿ ಯಾರಿಗೂ ಬರುತ್ತಿಲ್ಲ, ಅಷ್ಟೇ.

ರಿಪೀಟರ್ ಕಲ್ಲಿನ ಹಾಗಿದೆ. ನಾನು ಅಂಗಡಿಯಿಂದ ಕೈಸೆಟ್ಟಿನಲ್ಲಿ ಮಾತಾಡಿದರೂ ಊರಿಗೆಲ್ಲ ಕೇಳುತ್ತದೆ. ಹಾಗಾಗಿ ದೋಷ ಇರುವುದು ನಿನ್ನ ಕಡೆಗೇ. ಮಳೆ ಶುರುವಾಗಿದೆಯಲ್ಲ, ನಿನ್ನ ಕೇಬಲ್ಲಿಗೆ ನೀರಿಳಿದಿರಬೇಕು. ಅದನ್ನು ಬದಲಾಯಿಸು. ಆಂಟೆನಾ ಕಂಬವನ್ನೂ ಒಂದು ಹತ್ತಡಿ ಏರಿಸು. ಅಲ್ಲಿ ನಿನಗೆ ಪೈಪಿಗೇನು ಬರ?

ಹುಡುಗಿ ಅಂಗಡಿ ಮುಂದೆ ಹೋಗುವಾಗ ನಿಂತು ಕೇಳುತ್ತಾಳೆ, "ಅಪ್ಪ ಕರೆದ್ರಾ ಮಾಮ?" ಅಂತ. ಇನ್ನೂ ಇಲ್ಲಮ್ಮ, ಕರೀತಾನೆ ಅನ್ನುತ್ತೇನೆ. ನೀನು ಬೇಗ ಸರಿಮಾಡಿಕೊ.

ಗಡಿಯಾರ


ಜುಲೈ 15
ಅಣೆಕಟ್ಟಿನ ಆಸ್ಪತ್ರೆ, ಎರಡನೇ ಮಂಚ

ಗಡಿಯಾರ,

ವಿಳಾಸ ನೋಡಿ ಗಾಬರಿಯಾಗಬೇಡ. ನಿನ್ನ ಮಾತಿನಂತೆ ಕೇಬಲ್ ಹೊಸದು ಎಳೆದೆ. ಎರಡು ಭಾನುವಾರ ಕರೆದೆ, ಪ್ರಯೋಜನವಾಗಲಿಲ್ಲ. ಹತ್ತಡಿ ಏರಿಸಲು ಹೋದ ದಿನ ವರ್ಕ್‌ಶಾಪಿನ ತಗಡು ಒದ್ದೆಯಾಗಿತ್ತು. ಕಂಬ ಮೇಲೆ ಹೋಯಿತು, ನಾನು ಕೆಳಗೆ ಬಂದೆ. ಬಲಗಾಲಿನ ಹರಡು ಎರಡು ಕಡೆ ಮುರಿದಿದೆ. ಡಾಕ್ಟರು ಪ್ಲಾಸ್ಟರ್ ಹಾಕಿ ಆಗಸ್ಟ್ ಮುಗಿಯುವವರೆಗೆ ಬಸ್ಸು ಹತ್ತುವ ಮಾತೇ ಆಡಬೇಡ ಎಂದಿದ್ದಾರೆ.

ಹಾಗಾಗಿ ಬಂದರಿಗೆ ಹೋಗಿ ಕಳಿಸುವುದು ಇನ್ನು ಆಗದ ಮಾತು. ರೇಡಿಯೋ ಒಂದೇ ದಾರಿ ಉಳಿದಿರುವುದು. ಸ್ಟೋರ್‌ಕೀಪರ್ ನನ್ನ ಸೆಟ್ಟನ್ನು ಮಂಚದ ಪಕ್ಕಕ್ಕೆ ತಂದು, ಕಿಟಕಿಯಿಂದ ಆ ಎತ್ತರದ ಕಂಬಕ್ಕೇ ತಂತಿ ಎಳೆದುಕೊಟ್ಟಿದ್ದಾನೆ. ನರ್ಸಮ್ಮನ ಹತ್ತಿರ ಏನು ಸುಳ್ಳು ಹೇಳಿದನೋ ಗೊತ್ತಿಲ್ಲ.

ಬಿದ್ದ ವಿಷಯ ಮಗಳಿಗೆ ತಿಳಿಸು. ಕನಿಕರಕ್ಕಲ್ಲ. ಅಪ್ಪ ಪ್ರಯತ್ನ ಬಿಟ್ಟಿಲ್ಲ, ಮಾಡುತ್ತಲೇ ಇದ್ದಾನೆ ಎಂದು ತಿಳಿದಿರಲಿ. ಇಷ್ಟು ಮಾಡು.

ಲೇತು


ಜುಲೈ 22

ಲೇತು,

ಕಾಗದ ಓದಿದೆ. ಆ ದಿನ ಒಂದು ಗಡಿಯಾರವನ್ನೂ ಮುಟ್ಟಲಿಲ್ಲ. ನಾನು ಹತ್ತು ಅಂತ ಹೇಳಬಾರದಿತ್ತು.

ಚೆನ್ನಾಗಿ ಉಣ್ಣು, ಮಲಗು. ರೇಡಿಯೋ ಯೋಚನೆ ಸದ್ಯಕ್ಕೆ ಬಿಡು. ಹುಡುಗಿಗೆ ನಾನು ಹೇಳುತ್ತೇನೆ. ಎರಡು ವರ್ಷ ಎಂದರೆ ಏನು, ನೋಡನೋಡುತ್ತಲೇ ಕಳೆದುಹೋಗುತ್ತದೆ.

ಗಡಿಯಾರ


ಜುಲೈ 28, ಸೋಮವಾರ
ಆಸ್ಪತ್ರೆ

ಗಡಿಯಾರ,

ಮಲಗಿದವನಿಗೆ ಕೆಲಸವಿಲ್ಲವಲ್ಲ. ಸ್ಟೋರಿನ ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ರಿಸೀವರನ್ನು ಮಂಚದ ಮೇಲೇ ಬಿಚ್ಚಿ ರಿಪೇರಿ ಮಾಡಿದೆ. ಇಷ್ಟು ದಿನ ನನ್ನ ಹತ್ತಿರ ಇದ್ದದ್ದು ಒಂದೇ ಸೆಟ್ಟು. ಅದರ ಗುಂಡಿ ಒತ್ತಿ ಮಾತಾಡುವಾಗ ರಿಪೀಟರ್ ಏನು ಮಾಡುತ್ತಿದೆ ಎಂದು ನನಗೆ ಕೇಳುವ ಹಾಗಿರಲಿಲ್ಲ. ನಿನ್ನೆ ಆ ಎರಡನೇ ರಿಸೀವರನ್ನು ಸ್ಟೋರ್‌ಕೀಪರ್ ಕೈಗೆ ಕೊಟ್ಟು ಆಸ್ಪತ್ರೆ ಮೊಗಸಾಲೆಯ ಆ ತುದಿಗೆ ಕಳಿಸಿದೆ. ಎಂದಿನಂತೆ ನೆಟ್ಟಿನ ಕೊನೆಗೆ ನನ್ನ ಮಾತು ಹೇಳಿದೆ, ಮೂರು ಸಲ. ಅವನು ಓಡಿಬಂದು ಹೇಳಿದ್ದನ್ನು ಕೇಳು:

"ನಿಮ್ಮ ದನಿ ಹೋಗತ್ತೆ ಸಾರ್! ಆದ್ರೆ ಚೂರುಚೂರು. 'ತ' ಅಂತ ಬರತ್ತೆ, ಖಟ್ ಅಂತ ನಿಲ್ಲತ್ತೆ, ಎರಡು ಎಣಿಸೋವರ್ಗೂ ಬರೀ ಗಾಳಿ, ಮತ್ತೆ 'ಗ' ಅಂತ ಬರತ್ತೆ, ಮತ್ತೆ ಗಾಳಿ. ಯಾರೋ ನಿಮ್ಮ ಬಾಯಿ ಮುಚ್ಚಿ ಮುಚ್ಚಿ ಬಿಟ್ಟ ಹಾಗೆ."

ನೀನು ಗಡಿಯಾರದವನಾದರೂ ಇದರ ಅರ್ಥ ನಿನಗೆ ಹೇಳಿಕೊಡಬೇಕಾಗಿಲ್ಲ. ರಿಪೀಟರ್ ಸುಮ್ಮನಿದ್ದಾಗ ನಾನು ಅದಕ್ಕೆ ಕೇಳುತ್ತೇನೆ. ಕೇಳಿದ ಕೂಡಲೇ ಅದು ಬಾಯಿ ತೆರೆಯುತ್ತದೆ, ಬಾಯಿ ತೆರೆದ ಕೂಡಲೇ ತನ್ನದೇ ಗದ್ದಲಕ್ಕೆ ಕಿವುಡಾಗುತ್ತದೆ. ಹತ್ತಿರದವರ ದನಿ ಜೋರು, ಗದ್ದಲವನ್ನು ಮೀರಿ ಹೋಗುತ್ತದೆ. ದೂರದವನ ದನಿ ಮುಳುಗುತ್ತದೆ. ದೋಷ ಕೇಬಲ್ಲಿನದಲ್ಲ, ಕಂಬದ್ದಲ್ಲ. ಡಬ್ಬಿಗಳದು.

ನಾಲ್ಕು ಡಬ್ಬಿಯ ಕಡ್ಡಿಗಳ ಮೇಲೂ ಗೆರೆ ಕೊರೆದಿದೆಯಲ್ಲ, ಒಂದೊಂದು ಕಡ್ಡಿ ಎಷ್ಟು ಗೆರೆ ಹೊರಗೆ ನಿಂತಿದೆ ಎಂದು ತಾರಸಿಗೆ ಹೋಗಿ ಎಣಿಸಿ ಬರೆ. ಎಲ್ಲಿಗೆ ತಿರುಗಿಸಬೇಕು ಎಂದು ಇಲ್ಲಿಂದಲೇ ಹೇಳುತ್ತೇನೆ. ಇನ್ನೂ ನಾಲ್ಕು ಭಾನುವಾರ ಕೈಯಲ್ಲಿದೆ. ಇಷ್ಟು ದಿನದಲ್ಲಿ ಮೊದಲ ಸಲ ನನಗೆ ಧೈರ್ಯ ಬಂದಿದೆ.

ಲೇತು


ಆಗಸ್ಟ್ 6
ಅಂಗಡಿ

ಲೇತು,

ನೀನು ಹೇಳಿದ ಹಾಗೆ ಇವತ್ತು ಬೆಳಿಗ್ಗೆ ಹತ್ತಿ ಎಣಿಸಿ ಬಂದೆ. ಮಂಡಿ ನೋವಿನಲ್ಲೂ ಹತ್ತಿದ್ದೇನೆ, ನೆನಪಿರಲಿ. ಮೊದಲನೆಯದು ಹದಿನಾಲ್ಕು ಗೆರೆ. ಎರಡನೆಯದು ಹನ್ನೊಂದು. ಮೂರನೆಯದು ಹದಿನೇಳು. ನಾಲ್ಕನೆಯದು ಹನ್ನೆರಡು. ಎಲ್ಲ ಸರಿಯಾಗಿಯೇ ಇವೆ, ಪ್ರತಿ ವರ್ಷದ ಗೆರೆ ಬರೆದಿಟ್ಟ ನಮ್ಮ ನೋಟ್‌ಬುಕ್ಕಿಗೆ ತಾಳೆಯಾಗುತ್ತವೆ.

ನಿನ್ನ ಸ್ಟೋರ್‌ಕೀಪರ್ ಕೈಯ ಹಳೇ ಡಬ್ಬ ರಿಸೀವರ್ ನಂಬಿಕೊಂಡು ಕೂರಬೇಡ. ಅದೇ ಕೆಟ್ಟಿರಬೇಕು.

ಗಡಿಯಾರ


ಆಗಸ್ಟ್ 13, ಬುಧವಾರ
ಆಸ್ಪತ್ರೆ

ಗಡಿಯಾರ,

ಮೂರನೇ ಡಬ್ಬಿಯ ಕಡ್ಡಿಯ ಮೇಲೆ ಗೆರೆಗಳೇ ಇಲ್ಲ.

ಏಪ್ರಿಲ್‌ನಲ್ಲಿ ರಜೆಗೆ ಬಂದಾಗ ಹಳೇ ಕಡ್ಡಿಗೆ ಕಿಲುಬು ಹಿಡಿದಿದೆ ಎಂದು ಮಗಳು ಹೇಳಿದಳು. ನಾನು ಹಿತ್ತಿಲ ಲೇತಿನಲ್ಲಿ ಹೊಸದು ಕಡೆದುಕೊಟ್ಟೆ. ಗೆರೆ ಕೊರೆಯಲು ಪುರುಸೊತ್ತಿರಲಿಲ್ಲ. ಅವಳು ಅದನ್ನು ಕೂರಿಸಿ, ಟ್ಯೂನ್ ಮಾಡಿ, ನಿಂತ ಜಾಗಕ್ಕೆ ತನ್ನ ಉಗುರಿನ ಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟಳು. ನಮ್ಮಿಬ್ಬರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ. ನೋಡಿದವನಾದರೆ ನೀನು ಚುಕ್ಕೆ ಎಂದು ಬರೆಯುತ್ತಿದ್ದೆ. ಹದಿನೇಳು ಎಂದು ನೋಟ್‌ಬುಕ್ ನೋಡಿ ಬರೆದಿದ್ದೀಯ.

ಮಂಚದ ಮೇಲೆ ಮೂರು ದಿನ ಇದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ನೀನು ತಾರಸಿಗೆ ಹೋಗಲಿಲ್ಲ ಎಂದರೆ ಸೋಮಾರಿತನ ಎನ್ನಬಹುದಿತ್ತು. ಆದರೆ ಮೇ ತಿಂಗಳಲ್ಲಿ ಕಡ್ಡಿಗಳನ್ನು "ಸರಿಮಾಡಿದೆ" ಎಂದು ಬರೆದವನು ನೀನೇ. ಆಗ ಮೂರನೆಯದನ್ನು ಹೇಗೆ ಸರಿಮಾಡಿದೆ, ಚುಕ್ಕೆ ಕಾಣದೆ? ಅಂದರೆ ಆಗಲೂ ನೀನು ಅವನ್ನು ನೋಡಿಲ್ಲ. ಡಬ್ಬಿಗಳು ಅಲ್ಲಿ ಇವೆಯೇ? ನನ್ನ ಮಗಳು ಟ್ಯೂನ್ ಮಾಡಿ ಇಳಿದ ಮೇಲೆ ನೀನು ಅವನ್ನು ಏನು ಮಾಡಿದೆ?

ಕಾರಣ ನನಗೆ ಬೇಡ. ಕಾರಣ ನಿನಗೆ ಇದ್ದೇ ಇರುತ್ತದೆ. ನನಗೆ ಬೇಕಾದದ್ದು ಒಂದೇ. ಈ ಕಾಗದ ನಿನಗೆ 21ರ ಒಳಗೆ ಸಿಗುತ್ತದೆ. ಮಳೆಗೆ ಇಲ್ಲಿ ರಸ್ತೆ ಕುಸಿದು ಬಸ್ಸು ನಿಂತಿದೆ, ಟಪಾಲಿನವನು ಮಾತ್ರ ಚೀಲ ಹೊತ್ತು ನಡೆದು ದಾಟುತ್ತಿದ್ದಾನೆ. ಇಲ್ಲದಿದ್ದರೆ ಸ್ಟೋರ್‌ಕೀಪರನನ್ನೇ ಕಳಿಸುತ್ತಿದ್ದೆ. ಆಫೀಸಿನ ಫೋನು ಆ ಕುಸಿತದ ದಿನದಿಂದ ಸತ್ತಿದೆ. ಮಗಳಿಗೆ ಮತ್ತೆ ಬರೆದರೂ ವಾಪಸು ಬರುತ್ತದೆ. ಬೇರೆಯವರ ಕೈಯಲ್ಲಿ ವಿಳಾಸ ಬರೆಸಿ ಕಳಿಸಿ ಎಂದು ನರ್ಸಮ್ಮ ಹೇಳಿದರು. ಅವಳಿಗೆ ಮೋಸದ ಲಕೋಟೆ ಕಳಿಸಲು ನನಗೆ ಮನಸ್ಸಿಲ್ಲ. ಮೇಷ್ಟ್ರಿಗೆ ಬರೆಯಬಹುದು, ಆದರೆ ಇದನ್ನು ಅವಳು ಮಾಡಿದವನ ಬಾಯಿಂದಲೇ ಕೇಳಬೇಕು.

ನೀನು ಕಾಗದ ಸಿಕ್ಕಿದ ದಿನವೇ ಅವಳ ಮನೆಗೆ ಹೋಗು. ಅವಳ ಟ್ಯೂನಿಂಗ್ ಸರಿಯಿತ್ತು ಎಂದು ಹೇಳು. ಅಪ್ಪ ಪ್ರತಿ ಭಾನುವಾರ ಕರೆದ ಎಂದು ಹೇಳು. ಇವೆರಡೇ ಮಾತು. ನಿನ್ನನ್ನು ಬೈಯುವುದು, ಬಿಡುವುದು ಆಮೇಲೆ.

ಲೇತು


ಸೆಪ್ಟೆಂಬರ್ 3
ಅಂಗಡಿ

ಲೇತು,

ನಿನ್ನ ಕಾಗದ ಆಗಸ್ಟ್ 20ಕ್ಕೇ ಬಂತು. ನಾನು ಹೋಗಲಿಲ್ಲ.

ಹೋಗಬೇಕೆಂದು ಎರಡು ಸಲ ಚಪ್ಪಲಿ ಮೆಟ್ಟಿದೆ. ಒಂದು ಸಲ ಅವಳ ಬೀದಿಯ ತಿರುವಿನವರೆಗೂ ಹೋಗಿದ್ದೆ. ಕಿಟಕಿಯಲ್ಲಿ ಅವಳು ಪೆಟ್ಟಿಗೆಗೆ ಬಟ್ಟೆ ತುಂಬುವುದು ಕಾಣುತ್ತಿತ್ತು. ವಾಪಸು ಬಂದೆ. ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಕ್ಲಬ್ಬಿನವರೆಲ್ಲ ಮುಖಕ್ಕೆ ಉಗಿಯುತ್ತಾರೆ ಎಂದು ಹೆದರಿದೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಏಪ್ರಿಲ್‌ನಲ್ಲಿ ನಡೆದದ್ದು ಇಷ್ಟು. ರಿಪೀಟರ್ ಇರುವ ಕಟ್ಟಡದ ಯಜಮಾನನೇ ನನ್ನ ಅಂಗಡಿಯ ಯಜಮಾನ. ಅವನು ಟ್ಯಾಕ್ಸಿಗಳನ್ನು ಬಿಟ್ಟಿದ್ದಾನೆ, ಅವಕ್ಕೆಲ್ಲ ರೇಡಿಯೋ ಹಾಕಿಸಿದ. ಅವನ ಮೆಕ್ಯಾನಿಕ್ಕಿಗೆ ನಿನ್ನ ಡಬ್ಬಿಗಳ ಮೇಲೆ ಕಣ್ಣು ಬಿತ್ತು. "ಆ ಡಬ್ಬಿ ನಮಗಿರ್ಲಿ, ನಿಮಗೆ ಬೇರೆ ಚಿಕ್ಕದು ಕೊಡಿಸ್ತೀನಿ. ಆಗಲ್ಲ ಅಂದ್ರೆ ತಾರಸೀನೂ ಖಾಲಿ ಮಾಡಿ, ಅಂಗಡೀನೂ ಖಾಲಿ ಮಾಡಿ" ಎಂದ ಯಜಮಾನ. ಇಪ್ಪತ್ತಾರು ವರ್ಷದಿಂದ ಕೂತ ಜಾಗ ಲೇತು. ಈ ಬೆಳಕಿನಲ್ಲಿ ಬಿಟ್ಟು ಬೇರೆಲ್ಲೂ ನನಗೆ ಈಗ ಸಣ್ಣ ಮುಳ್ಳು ಕಾಣುವುದಿಲ್ಲ. ಹುಡುಗಿ ಟ್ಯೂನ್ ಮಾಡಿದ್ದು ಶನಿವಾರ. ಸೋಮವಾರ ಅವರು ಬಿಚ್ಚಿಕೊಂಡು ಹೋದರು. ನಾನು ಟಾರ್ಚ್ ಹಿಡಿದು ನಿಂತಿದ್ದೆ, ಕಡ್ಡಿಗಳ ಕಡೆ ನೋಡಲೂ ಇಲ್ಲ. ಅವನು ಕೊಟ್ಟ ಚಿಕ್ಕ ಪೆಟ್ಟಿಗೆ ಏನನ್ನೂ ತಡೆಯುವುದಿಲ್ಲ. ಸಾಲದ್ದಕ್ಕೆ ಈಗ ಅವನ ಟ್ಯಾಕ್ಸಿ ಟ್ರಾನ್ಸ್‌ಮಿಟರ್ ನಮ್ಮ ಆಂಟೆನಾದ ಮಗ್ಗುಲಲ್ಲೇ ಕಿರುಚುತ್ತಿರುತ್ತದೆ.

ಮುಂದಿನ ಭಾನುವಾರ ನೀನು ಅವಳನ್ನು ಬೈಯುವಾಗ ನಾನು ಇದೇ ಬೆಂಚಿನ ಮೇಲೆ ಸೆಟ್ಟು ಹಿಡಿದು ಕೂತಿದ್ದೆ. ಗುಂಡಿ ಒತ್ತಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಒಂದು ಕ್ಷಣ, ದೇವರಾಣೆ, ಹೊಣೆ ನನ್ನ ತಲೆಯಿಂದ ಇಳಿಯಿತಲ್ಲ ಎಂದು ಹಾಯೆನಿಸಿತು. ಆಮೇಲೆ ಹೇಳಿದ ಒಂದೊಂದು ಸುಳ್ಳೂ ಆ ಹಾಯೆನಿಸಿದ್ದನ್ನು ಮುಚ್ಚಲು. ನೀನು ಊರಿಗೆ ಬಂದರೆ ಸೀದಾ ತಾರಸಿ ಹತ್ತುತ್ತೀಯ ಎಂದೇ ಬರಬೇಡ ಎಂದು ಬರೆದೆ. ನೀನು ಬಿದ್ದ ಸುದ್ದಿಯನ್ನೂ ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಆ ಹುಡುಗಿ ಮರುಬಸ್ಸಿಗೇ ನಿನ್ನ ಹತ್ತಿರ ಬರುತ್ತಿದ್ದಳು.

ಇನ್ನೊಂದು ಇದೆ. ಬರೆಯದೆ ಇರಬಹುದಿತ್ತು, ಆದರೆ ಬರೆಯುತ್ತೇನೆ. ಜುಲೈನಲ್ಲಿ ಅವಳು ಅಂಗಡಿಗೆ ಬಂದು ಕೇಳಿದಳು: "ಮಾಮ, ಪ್ರತಿ ಭಾನುವಾರ ನೆಟ್ ಮುಗಿಯೋ ಹೊತ್ತಿಗೆ ಏನೋ ಖಟ್ ಖಟ್ ಅನ್ನತ್ತೆ. ನಡುವೆ ಯಾರೋ ಉಸಿರೆಳೆದ ಹಾಗೆ ಕೇಳತ್ತೆ. ದೂರದ ಸ್ಟೇಷನ್ ಅನ್ಸತ್ತೆ. ತಾರಸಿ ಕೀಲಿ ಕೊಡಿ, ನೋಡ್ತೀನಿ." ಟ್ಯಾಕ್ಸಿಯವರ ಗಲಾಟೆ ಕಣಮ್ಮ, ಯಜಮಾನ ಯಾರನ್ನೂ ಮೇಲಕ್ಕೆ ಬಿಡಲ್ಲ ಎಂದೆ. ಅವಳು ನನ್ನ ಮುಖ ನೋಡಿ, "ಹೌದಾ" ಎಂದು ಹೋದಳು. ಆಮೇಲೂ ಪ್ರತಿ ಭಾನುವಾರ ಆ ಗಲಾಟೆ ಮುಗಿಯುವವರೆಗೂ ಸೆಟ್ ಆರಿಸುತ್ತಿರಲಿಲ್ಲವಂತೆ, ಗೆಳತಿ ಹೇಳಿದಳು.

27ಕ್ಕೆ ವಿದಾಯ ಹೇಳಲು ಬಂದಿದ್ದಳು. "ಅಪ್ಪ ಒಂದೇ ಒಂದು ಸಲಾನೂ ಕರೀಲಿಲ್ವಾ ಮಾಮ?" ಎಂದು ಕೇಳಿದಳು. ನಿನ್ನ ಕಾಗದ ನನ್ನ ಮೇಜಿನ ಖಾನೆಯಲ್ಲಿತ್ತು. ಅವನ ಹಠ ನಿನಗೆ ಗೊತ್ತಲ್ಲಮ್ಮ ಎಂದೆ.

ಮರುದಿನ ಹಡಗು ಹೋಯಿತು.

ಕಾಲಿಗೆ ಬೀಳುತ್ತೇನೆ. ಹೊಟ್ಟೆಗೆ ಹಾಕಿಕೊ ಎಂದು ಕೇಳುವ ಮುಖ ಉಳಿದಿಲ್ಲ, ಆದರೂ ಕೇಳುತ್ತಿದ್ದೇನೆ. ನಲವತ್ತು ವರ್ಷದ ಸ್ನೇಹ.

ಗಡಿಯಾರ


ಸೆಪ್ಟೆಂಬರ್ 12

ಗಡಿಯಾರದ ಅಂಗಡಿಯವರಿಗೆ,

ನಿಮ್ಮ ಕಾಗದ ಬಂತು.

ನನಗೆ ಬರೆದದ್ದನ್ನು ನೀವು ನೆಟ್ಟಿನಲ್ಲಿ ಹೇಳಬೇಕು. ಭಾನುವಾರ, ಎಂಟು ಗಂಟೆಗೆ, ಎಲ್ಲರ ಮುಂದೆ. ನನ್ನ ಮಗಳ ಕೆಲಸ ಸರಿಯಿತ್ತು, ಡಬ್ಬಿ ಕೊಟ್ಟವನು ನಾನು ಎಂದು. ಅವಳು ಇಲ್ಲದಿದ್ದರೂ ಅವಳ ಹೆಸರು ಅಲ್ಲೇ ಕೆಟ್ಟಿದ್ದು, ಅಲ್ಲೇ ಸರಿಯಾಗಬೇಕು.

ಇದನ್ನು ಮಾಡಿದ ಮಾತ್ರಕ್ಕೆ ನಮ್ಮ ನಡುವೆ ಏನೂ ಮೊದಲಿನಂತೆ ಆಗುವುದಿಲ್ಲ. ಸುಮ್ಮನೆ ಆಸೆ ಇಟ್ಟುಕೊಳ್ಳಬೇಡಿ.

ಅವಳ ತಂದೆ


ಸೆಪ್ಟೆಂಬರ್ 28, ಭಾನುವಾರ
ವರ್ಕ್‌ಶಾಪ್

ಗಡಿಯಾರದ ಅಂಗಡಿಯವರಿಗೆ,

ಇವತ್ತು ಬೆಳಿಗ್ಗೆ ನೀವು ಮಾತಾಡಿದ್ದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ನನ್ನ ಕಡೆ ಒಂದಕ್ಷರವೂ ತಪ್ಪದೆ ಬಂತು. ಏನನ್ನೂ ಬಿಡದೆ ಹೇಳಿದಿರಿ, ನಡುವೆ ಅತ್ತಿರಿ. ಡ್ರಾಯಿಂಗ್ ಮೇಷ್ಟ್ರು, "ಹೇಳಿದ್ದು ಒಳ್ಳೇದಾಯ್ತು" ಎಂದರು. ಒಬ್ಬಿಬ್ಬರು ನಿಮಗೆ ಸಮಾಧಾನವನ್ನೂ ಹೇಳಿದರು.

ನಿಮ್ಮ ಮೇಲೆ ಸಿಟ್ಟು ಇಳಿದಿಲ್ಲ. ಇಳಿಯುವುದೂ ಇಲ್ಲ. ಆದರೆ ಕೇಳುತ್ತಾ ಕೂತಾಗ ಬೇರೊಂದು ಮನಸ್ಸಿಗೆ ಬಂತು. ಆವತ್ತು ಸೇತುವೆಯಿಂದ ವಾಪಸು ಬಂದು ತಾರಸಿಗೆ ಹೋಗಿ ನೋಡಲು ನನಗೆ ಹತ್ತು ನಿಮಿಷ ಸಾಕಿತ್ತು. ಹೋಗಲಿಲ್ಲ. ಹದಿನಾರು ವರ್ಷದಿಂದ ನನ್ನ ಪಕ್ಕದಲ್ಲಿ ನಿಂತು ಕಲಿತ ಕೈಯನ್ನು ನಾನು ಒಂದೇ ಮಾತಿಗೆ ನಂಬದೆ ಹೋದೆ. ನಿಮ್ಮನ್ನು ಮಾತ್ರ ನಾಲ್ಕು ತಿಂಗಳು, ಕಾಲು ಮುರಿದುಕೊಂಡ ಮೇಲೂ ನಂಬಿದೆ. ನೀವು ನನಗೆ ಮಾಡಿದ್ದನ್ನು ನಾನು ಅವಳಿಗೆ ಮೊದಲೇ ಮಾಡಿದ್ದೆ.

ಅವಳಿಗೆ ದ್ವೀಪಕ್ಕೆ ಬರೆಯುತ್ತೇನೆ. ಟಪಾಲು ದೋಣಿ ಮೂರು ತಿಂಗಳಿಗೊಮ್ಮೆಯಂತೆ. ಒಡೆಯುತ್ತಾಳೋ ಇಲ್ಲವೋ ನನಗೆ ತಿಳಿಯದು.

ನೀವು ಮುಗಿಸಿದ ಮೇಲೆ ಮೇಷ್ಟ್ರು ಎಂದಿನಂತೆ, "ಇನ್ಯಾರಾದ್ರೂ ಇದೀರಾ?" ಎಂದು ಕೇಳಿದರು. ನಾನು ಗುಂಡಿ ಒತ್ತಿ ಚೀಟಿಯ ಮಾತು ಹೇಳಿದೆ. ಡಬ್ಬಿಗಳು ಇನ್ನೂ ಟ್ಯಾಕ್ಸಿಯವನ ಹತ್ತಿರವೇ ಇವೆಯಲ್ಲ. ಯಾರೂ ಇಲ್ಲ ಅಂತ ಕಾಣತ್ತೆ ಎಂದು ಮೇಷ್ಟ್ರು ಮುಗಿಸಿದರು. ಮೂವತ್ತು ಜನರ ಮುಂದೆ ನಿಮ್ಮ ತಪ್ಪನ್ನು ನೀವು ಹೇಳಿ ಹಗುರಾದಿರಿ. ನನ್ನದು ಇನ್ನೂ ಅವರ ಕಿವಿಗೆ ಬಿದ್ದಿಲ್ಲ.

ಅವಳ ತಂದೆ